ಚೆಂಡುಹೂವಿನ ದಾರ

ರೇಡಿಯೇಟರಿನ ಪಂಖಾ ತಿರುಗುತ್ತಿಲ್ಲ ಎಂಬುದು ವಸಂತನಿಗೆ ಎಂಟು ದಿನದಿಂದ ಗೊತ್ತಿತ್ತು. ಯಾಕೆ ತಿರುಗುತ್ತಿಲ್ಲ ಎಂಬುದು ಯಾರಿಗೂ, ತನಗೂ ಕೂಡ, ತಿಳಿಯದ ಹಾಗೆ ರಿಪೇರಿಯಾಗಿಬಿಟ್ಟರೆ ಸಾಕು ಎಂದು ಅನ್ನಿಸಿದ್ದು ಮಾತ್ರ ಇವತ್ತು ಬೆಳಿಗ್ಗೆ, ಗೋವಾದ ಪರ್ವರಿಯ ಹೆದ್ದಾರಿ ಬದಿಯ ಈ ತಗಡಿನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಇಳಿದಾಗ. ಹಾಗೆ ಯಾಕೆ ಅನ್ನಿಸಿತೆಂದು ಅವನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬಾರದ ಪ್ರಶ್ನೆಗಳನ್ನು ದೂರದಿಂದಲೇ ಗುರುತು ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಬಿಡುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು. ಐವತ್ತೊಂದು ವರ್ಷ ಅದರಿಂದಲೇ ಸುಖವಾಗಿ ಸಾಗಿತ್ತು. ಶೆಡ್ಡಿನೊಳಗಿಂದ ಕೈ ಒರೆಸಿಕೊಳ್ಳುತ್ತ ಬಂದ ದಪ್ಪ ಮೀಸೆಯವನು ಕೊಂಕಣಿಯಲ್ಲಿ "ಕಿತೆಂ ಜಾಲೆಂ?" ಎಂದು ಕೇಳಿದ. ಏನಾಯಿತೆಂದು ವಸಂತ ಕೊಂಕಣಿಯಲ್ಲೇ ಹೇಳಿದ. ಫಲಕದ ಮೇಲೆ ಕುಬೇರ ಎಂಬ ಹೆಸರಿತ್ತು, ಒಳಗೆ ಗೋಡೆಗೆ ಕನ್ನಡದ ಕ್ಯಾಲೆಂಡರು ತೂಗುತ್ತಿತ್ತು, ಅದನ್ನು ವಸಂತ ನೋಡಿಯೂ ಇದ್ದ. ನೋಡಿದ ಮೇಲೆ ಅವನ ಕೊಂಕಣಿ ಇನ್ನಷ್ಟು ಚೊಕ್ಕವಾಯಿತು.

ಹತ್ತೊಂಬತ್ತು ವರ್ಷದಲ್ಲಿ ಇಸ್ತ್ರಿ ಹೊಡೆದು ಹೊಡೆದು ಮಾಡಿಕೊಂಡ ಕೊಂಕಣಿ ಅದು. ಧಾರವಾಡದ ಮಾಳಮಡ್ಡಿಯಿಂದ ಪಣಜಿಯ ಔಷಧ ಕಂಪನಿಗೆ ಬಂದ ಮೊದಲ ವಾರವೇ, ಕ್ಯಾಂಟೀನಿನ ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ ಇನ್ನೊಬ್ಬನಿಗೆ 'ಇವನೂ ಘಾಟಿಯೇ' ಎಂದದ್ದು ಕಿವಿಗೆ ಬಿದ್ದಿತ್ತು. ಘಾಟಿ ಅಂದರೆ ಘಟ್ಟದ ಮೇಲಿನವನು, ಅಷ್ಟೇ ಅರ್ಥ. ಆದರೆ ಗೋವಾದಲ್ಲಿ ಅದನ್ನು ಅನ್ನುವವರು ಅಷ್ಟೇ ಅರ್ಥಕ್ಕೆ ಅನ್ನುವುದಿಲ್ಲ. ಚಿಂಬಲ್‌ನ ತಗಡಿನ ಮನೆಗಳಲ್ಲಿ ಹತ್ತು ಜನ ಒಟ್ಟಿಗೆ ಮಲಗಿ, ಬೆಳಗಾದರೆ ಬುಟ್ಟಿ ಸಲಿಕೆ ಹಿಡಿದು ಕೂಲಿಗೆ ಕರೆಯುವವರನ್ನು ಕಾಯುತ್ತ ನಾಕಾದ ಕೂಡುರಸ್ತೆಯಲ್ಲಿ ನಿಲ್ಲುವವರನ್ನು ಅನ್ನುತ್ತಾರೆ. ತಾನು ಅಂಥವನಲ್ಲ ಎಂದು ತೋರಿಸುವುದಕ್ಕೆ ವಸಂತ ಭಾಷೆ ಕಲಿತ, ಮೀನು ತಿನ್ನದಿದ್ದರೂ ಮೀನಿನ ಹೆಸರು ಕಲಿತ, ಫೋನಿನಲ್ಲಿ ಹೆಂಡತಿಯ ಜೊತೆ ಕನ್ನಡ ಮಾತಾಡುವಾಗ ಕಿಟಕಿಯ ಕಡೆ ತಿರುಗಿ ನಿಲ್ಲುವುದನ್ನೂ ಕಲಿತ.

ಕುಬೇರ ಎಂಜಿನ್ ಚಾಲೂ ಮಾಡಿಸಿ ಏಸಿ ಹಾಕಿಸಿದ. ಬಾನೆಟ್ಟಿನ ಕೆಳಗೆ ಕಿವಿಯಿಟ್ಟು ನಿಂತ. ಏಸಿ ಹಾಕಿದೊಡನೆ ತಿರುಗಬೇಕಾದ ಪಂಖಾ ಸುಮ್ಮನಿತ್ತು. ಕಪ್ಪು ಡಬ್ಬಿಯ ಮುಚ್ಚಳ ತೆಗೆದು ಚಿಕ್ಕದೊಂದು ಫ್ಯೂಜನ್ನು ಕಿತ್ತು ಬಿಸಿಲಿಗೆ ಹಿಡಿದ. ಒಳಗಿನ ತಂತಿ ಸುಟ್ಟಿತ್ತು. ಹೊಸದು ಹಾಕಿದ. ಟಪ್ ಎಂದು ಅದೂ ಹೋಯಿತು. ಅವನಿಗೆ ಇದರಿಂದ ಬೇಜಾರಾದಂತೆ ಕಾಣಲಿಲ್ಲ, ಬದಲಿಗೆ ಒಂದು ಹುರುಪು ಬಂತು. ಹಾರ್ನಿನ ರಿಲೇ ಕಿತ್ತು ಪಂಖಾದ ಜಾಗಕ್ಕೆ ಹಾಕಿ ನೋಡಿದ, ಮೋಟರಿನ ಪ್ಲಗ್ಗು ಕಳಚಿ ಮತ್ತೊಂದು ಫ್ಯೂಜು ಹಾಕಿ ಟೆಸ್ಟ್ ಲ್ಯಾಂಪಿನ ಮುಳ್ಳನ್ನು ವಯರಿನ ತುದಿಗೆ ಚುಚ್ಚಿದ, ಪುಟ್ಟ ದೀಪ ಹತ್ತಿತು. ಕರೆಂಟು ಬರುತ್ತಿದೆ, ವಯರು ಸರಿಯಿದೆ, ದೋಷ ಇನ್ನೂ ಮುಂದಿದೆ ಎಂದು ಕೊಂಕಣಿಯಲ್ಲಿ ಹೇಳಿದ. ಆ ದೀಪ ಹತ್ತಿದ್ದು ವಸಂತನಿಗೆ ಸೇರಲಿಲ್ಲ. ವಯರು ಸುಟ್ಟಿದ್ದರೆ ಚೆನ್ನಾಗಿತ್ತು. ವಯರು ಸುಟ್ಟಿದೆ, ನೀರು ಹೊಕ್ಕು ಸುಟ್ಟಿದೆ ಎಂದೇ ಅವನು ಎಂಟು ದಿನದ ಹಿಂದೆ ಎಲ್ಲರಿಗೂ ಹೇಳಿದ್ದು.

ಎಂಟು ದಿನದ ಹಿಂದೆ ಝುವಾರಿ ಸೇತುವೆ ದಾಟಿ ಬರುವಾಗ ವಾಹನಗಳ ಸಾಲಿನಲ್ಲಿ ಕಾರು ನಿಂತು ನಿಂತು ಕಾದಿತ್ತು. ಪಕ್ಕದ ಸೀಟಿನಲ್ಲಿ ಹೊಸ ಮ್ಯಾನೇಜರ್ ಇದ್ದ. ದಿಲ್ಲಿಯಿಂದ ಬಂದವನು, ಮೂವತ್ತೆಂಟರವನು. ದಾಬೋಲಿಮ್ ಏರ್‌ಪೋರ್ಟಿನಿಂದ ಅವನನ್ನು ಕರೆತರಲು ಕಂಪನಿಯ ಗಾಡಿ ಇತ್ತು. ಬೇಡ ಬೇಡ, ನಾನೇ ಹೋಗುತ್ತೇನೆ ಎಂದು ಮೇಲೆ ಬಿದ್ದು ಒಪ್ಪಿಕೊಂಡಿದ್ದ ವಸಂತ, ಒಂದು ಗಂಟೆ ಒಬ್ಬನೇ ಸಿಗುತ್ತಾನೆಂದು. ಬಾನೆಟ್ಟಿನಿಂದ ಹೊಗೆ ಎದ್ದಾಗ ಮ್ಯಾನೇಜರ್ ಇಳಿದು, ತನ್ನ ಬ್ಯಾಗನ್ನು ತಾನೇ ಎತ್ತಿಕೊಂಡು ರಸ್ತೆಯ ಬದಿಗೆ ನಿಂತ. ಬೈಯಲಿಲ್ಲ. ವಸಂತನ ಎದೆಯ ಕಡೆ ಬೆರಳು ತೋರಿಸಿ, 'ನಿಮ್ಮ ಜೇಬು' ಎಂದ, ಅಷ್ಟೇ. ಟೋಪಿಯಿಲ್ಲದ ಪೆನ್ನಿನಿಂದ ಶಾಯಿ ಸೋರಿ ಬಿಳಿ ಅಂಗಿಯ ಜೇಬು ನೀಲಿಯಾಗಿತ್ತು. ಆಮೇಲೆ ಟ್ಯಾಕ್ಸಿ ಹಿಡಿದು ಹೋದ. ಕಾರನ್ನು ಎಳೆದೊಯ್ಯಲು ಬಂದ ಗಾಡಿಯವನು ಒಳಗೆ ಬಗ್ಗಿ ನೋಡಿ, ಪಂಖಾ ತಿರುಗುತ್ತಿಲ್ಲ, ತೊಳೆಯುವಾಗ ನೀರುಗೀರು ಹೋಗಿರಬೇಕು ಎಂದು ಬಾಯಿಗೆ ಬಂದದ್ದು ಹೇಳಿದ. ಮುಳುಗುವವನಿಗೆ ಕೈ ಸಿಕ್ಕಂತಾಯಿತು ವಸಂತನಿಗೆ. ರಸ್ತೆಯ ಬದಿಯಲ್ಲೇ ನಿಂತು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದ: ಕಾರು ತೊಳೆಯುವ ಸಂಗಣ್ಣ ಕೇಳದೆ ಬಾನೆಟ್ ತೆಗೆದು ಪೈಪಿನಿಂದ ನೀರು ಹೊಡೆದು ನನ್ನ ಕಾರು ಹಾಳುಮಾಡಿದ್ದಾನೆ, ಎಲ್ಲರೂ ಎಚ್ಚರವಿರಿ. ಐದು ನಿಮಿಷದಲ್ಲಿ ಯಾರೋ 'ಈ ಘಾಟಿಗಳೇ ಹೀಗೆ' ಎಂದು ಉತ್ತರ ಬರೆದರು. ವಸಂತ ಅದಕ್ಕೆ ಹೆಬ್ಬೆರಳು ಒತ್ತಿದ. ಬೆರಳು ತಾನಾಗಿ ಒತ್ತಿತು ಎಂದು ಆಮೇಲೆ ಅಂದುಕೊಂಡ. ಬೆರಳು ತಾನಾಗಿ ಏನನ್ನೂ ಒತ್ತುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಮರುದಿನದಿಂದ ಸಂಗಣ್ಣನನ್ನು ಗೇಟಿನೊಳಗೆ ಬಿಡಲಿಲ್ಲ. ಆ ಕಟ್ಟಡದ ಹದಿನಾಲ್ಕು ಕಾರುಗಳೇ ಅವನ ಸಂಸಾರ. ಇವತ್ತು ಸಂಜೆ ಐದಕ್ಕೆ ಸೊಸೈಟಿಯ ಮೀಟಿಂಗು ಇತ್ತು, ಬೇರೆಯವನನ್ನು ಗೊತ್ತುಮಾಡುವುದಕ್ಕೆ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಮೃದುಲಾ. ಕಿಟಕಿಯಿರಲಿಲ್ಲ, ತಿರುಗಿ ನಿಲ್ಲಲು ಹೆದ್ದಾರಿಯೊಂದೇ ಇತ್ತು. ಲಾರಿಗಳ ಸದ್ದಿಗೆ ಅವನು ಗಟ್ಟಿಯಾಗಿಯೇ ಮಾತಾಡಬೇಕಾಯಿತು.

"ರೀ, ಏನಂದ್ರು? ಸಂಗಣ್ಣ ಮತ್ತ ಬಂದು ಗೇಟಿನ ಮುಂದ ನಿಂತಾನ. ಬಿಸಲಾಗ. ಬಾಲ್ಕನಿಯಿಂದ ನೋಡ್ಲಿಕ್ಕೆ ಆಗವಲ್ದು ನನಗ."

"ನೋಡಬ್ಯಾಡ ಮತ್ತ. ಒಳಗ ಹೋಗು."

"ಮೀಟಿಂಗಿನ್ಯಾಗ ಏನರೆ ಒಂದು ಮಾತು ಹೇಳ್ರಿ. ನಮ್ಮ ಮಂದಿ ಅವ. ಹಬ್ಬದ ದಿನ ನಮ್ಮ ಗಾಡಿಗಷ್ಟ ಹಾರ ತಂದು ಹಾಕಿದ್ದ."

"ಹೇಳ್ತೀನಿ, ಇಡು," ಎಂದು ಫೋನು ಇಟ್ಟು ತಿರುಗಿದಾಗ ಕುಬೇರ ಸೊಂಟದ ಮೇಲೆ ಕೈಯಿಟ್ಟು ಬಾಯಿ ತುಂಬ ನಗುತ್ತಿದ್ದ.

"ಅಯ್ಯ ಇವರ! ನಮ್ಮವರ ಏನ್ರಿ ನೀವು? ಮದ್ಲ ಹೇಳಬಾರ್ದೇನ್ರಿ? ಅರ್ಧ ತಾಸಾತು ನನ್ನ ಕೂಡ ಕೊಂಕಣಿ ಆಡಾಕತ್ತೀರಿ. ಯಾವೂರ್ರಿ?"

"ಧಾರವಾಡ," ಎಂದ ವಸಂತ. ಸಿಕ್ಕಿಬಿದ್ದವನ ಧ್ವನಿ ಅದು.

"ನಮ್ದು ಇಂಡಿ ಕಡೀರಿ. ಕೂಡ್ರಿ, ಕೂಡ್ರಿ, ನಿಂತೀರಲ್ಲ." ಒಳಗಿಂದ ಕುರ್ಚಿ ಬಂತು, ಅದನ್ನು ಕುಬೇರ ತನ್ನ ತೋಳಿನಿಂದಲೇ ಒರೆಸಿದ. ಪಕ್ಕದ ಗಾಡಿಯಿಂದ ಚಹಾ ಬಂತು. ಆ ಉಪಚಾರ ವಸಂತನ ಮೈಗೆ ಚುಚ್ಚಿತು. ಗಿರಾಕಿಯಾಗಿ ನಿಂತಿದ್ದಾಗ ಅವನಿಗೆ ಒಂದು ಎತ್ತರವಿತ್ತು. ನಮ್ಮವನಾದ ಕೂಡಲೇ ಕುರ್ಚಿಯ ಮಟ್ಟಕ್ಕೆ ಇಳಿದುಬಿಟ್ಟ. ಇನ್ನು ಈ ಮನುಷ್ಯ ಮನೆ, ಮಕ್ಕಳು, ಊರಿಗೆ ಯಾವಾಗ ಹೋಗಿದ್ದಿರಿ ಎಂದೆಲ್ಲ ಕೇಳುತ್ತಾನೆ. ಇಂಥವರ ಪ್ರೀತಿಯಿಂದ ತಪ್ಪಿಸಿಕೊಳ್ಳುವುದಕ್ಕೇ ಅಲ್ಲವೆ ಇಷ್ಟೆಲ್ಲ ಮಾಡಿದ್ದು? ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ ಮಾತ್ರ ಸಂಗಣ್ಣನ ಜೊತೆ ಕನ್ನಡ. ಮೇಲೆ ಲಿಫ್ಟಿನ ಹತ್ತಿರ ಸಿಕ್ಕರೆ, ನಾಲ್ಕು ಜನರೆದುರಿಗೆ ಸಿಕ್ಕರೆ ಹಿಂದಿ. ಯಾರೂ ಹೇಳಿಕೊಡದೆಯೇ ಸಂಗಣ್ಣ ಆ ಪದ್ಧತಿಯನ್ನು ಹಿಡಿದುಕೊಂಡಿದ್ದ. ಮೇಲೆ 'ಜೀ ಸಾಬ್', ಕೆಳಗೆ 'ಏನ್ರಿ ಸಾಹೇಬ್ರ, ಆರಾಮ್ರಿ?' ಒಮ್ಮೆಯೂ ತಪ್ಪಿರಲಿಲ್ಲ. ಆ ಕೆಳಗಿನ ಎರಡು ಮಾತಿಗೋಸ್ಕರ ಕೆಲವು ದಿನ ವಸಂತ ಬೇಕೆಂದೇ ಐದು ನಿಮಿಷ ಮೊದಲು ಇಳಿದು ಹೋಗುತ್ತಿದ್ದ. ಅದನ್ನು ಅವನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ಕುಬೇರ ಗ್ರಿಲ್ಲಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿ ಪಂಖಾದ ರೆಕ್ಕೆ ಹಿಡಿದು ತಿರುಗಿಸಲು ನೋಡಿದ. ಅಲುಗಲಿಲ್ಲ. "ಜಾಮ್ ಆಗೇತ್ರಿ. ಇದಕ್ಕ ನೋಡ್ರಿ ಫ್ಯೂಜ್ ಹೊಡಿಯಾಕತ್ತೈತಿ. ಮೋಟರ್ ತಿರಗಾಕ ನೋಡ್ತೈತಿ, ಯಾರೋ ಹಿಡಕೊಂಡಾರ, ಕರೆಂಟ್ ಜಗ್ಗಿ ಜಗ್ಗಿ ಸುಡ್ತೈತಿ."

"ನೀರು ಹೋಗಿರಬೇಕು," ಎಂದ ವಸಂತ ಅವಸರದಿಂದ. "ತೊಳಿಯೋ ಮನಷ್ಯಾ ಬಾನೆಟ್ ತಗದು ಪೈಪ್ ಹಿಡಿತಿದ್ದ."

"ನೀರಿಗೆ ಏನಾಗ್ತೈತ್ರಿ? ನಾಕು ತಿಂಗಳು ಗೋವಾದ ಮಳ್ಯಾಗ ತೊಯ್ಕೋಂತ ತಿರಗೂದು ಇದು. ಸುಮ್ನ ಯಾರ ಮ್ಯಾಲರೆ ಹಾಕಬ್ಯಾಡ್ರಿ." ತಮಾಷೆಗೆಂದೇ ಅಂದು ಅವನು ಪಾನಾ ಹಿಡಿದು ಬೋಲ್ಟುಗಳನ್ನು ಬಿಚ್ಚತೊಡಗಿದ. ಒಂದು, ಎರಡು. ಮೂರನೆಯದು ತುಕ್ಕು ಹಿಡಿದು ಹಠ ಮಾಡಿತು. ವಸಂತ ಚಹಾ ಕುಡಿಯುವುದನ್ನು ಮರೆತು ಅದನ್ನೇ ನೋಡುತ್ತಿದ್ದ, ಆ ಮೂರನೆಯದು ಬಿಚ್ಚದಿರಲಿ ಎಂದು. ಅದೂ ಬಿಚ್ಚಿಕೊಂಡಿತು. ಪಂಖಾವನ್ನು ಅದರ ಪ್ಲಾಸ್ಟಿಕ್ ಕವಚದ ಸಮೇತ ಮೇಲೆತ್ತಿ ನೆಲದ ಮೇಲೆ ಬೋರಲು ಹಾಕಿದಾಗ ಕರಿ ಹಿಡಿದ, ಒಣಗಿದ ಎಸಳುಗಳು ಉದುರಿದವು. ರೆಕ್ಕೆಗೂ ಮೋಟರಿಗೂ ನಡುವಿನ ದಂಡಕ್ಕೆ ಬಿಳಿಯ ನೈಲಾನ್ ದಾರ ಗಟ್ಟಿಯಾಗಿ ಸುತ್ತಿಕೊಂಡಿತ್ತು, ಅದರ ಜೊತೆಗೆ ಬಂಗಾರದ ಬಣ್ಣದ ಜರಿಪಟ್ಟಿ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಸಂಗಣ್ಣ ಆ ಹಾರ ತಂದಿದ್ದ. ಹೂವು ಮಾರುಕಟ್ಟೆಯದ್ದು, ಪೋಣಿಸಿದವಳು ಅವನ ಹೆಂಡತಿ ಯಲ್ಲವ್ವ. ಹೆದ್ದಾರಿಯ ಗಾಳಿಗೆ ಹರಿಯಬಾರದೆಂದು ನೈಲಾನ್ ದಾರ. ನಮ್ಮವರ ಗಾಡಿ ಎಂದು ಹದಿನಾಲ್ಕರಲ್ಲಿ ಇದೊಂದಕ್ಕೆ ಕಟ್ಟಿ, ಗಂಟನ್ನು ಹೊರಗೆ ಬಿಗಿದು, ಕುಂಕುಮ ಹಚ್ಚಿ, ಕಾಯಿ ಒಡೆದಿದ್ದ. ಮರುದಿನ ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಸಾಹೇಬ್ರ" ಎಂದು ಕಾಲಿಗೆ ಬಗ್ಗಿದ್ದ. ಅದರ ಮರುದಿನ ಬೆಳಿಗ್ಗೆ ಆರು ಗಂಟೆಗೆ ವಸಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪಾರ್ಕಿಂಗಿಗೆ ಇಳಿದಾಗ ಕಾರಿನ ಮೂತಿಯ ಮೇಲೆ ಆ ಹಾರ ಕಂಡಿತು, ಬಾಡಿದ ಚೆಂಡುಹೂವು, ಥಳಥಳಿಸುವ ಜರಿ. ಲಾರಿಗೆ ಹಾಕಿದಂತಿದೆ ಅನ್ನಿಸಿತು. ಇದರಲ್ಲಿ ದಿಲ್ಲಿಯವನನ್ನು ಕೂರಿಸಿಕೊಂಡು ಬರುವುದೆ? ಕಿತ್ತು ಒಗೆಯಬಹುದಿತ್ತು. ಆದರೆ ಹಿಂದಿನ ರಾತ್ರಿ ಮೃದುಲಾ, ಪೂಜೆಯ ಹಾರ ಹರಿಯಬ್ಯಾಡ್ರಿ, ತಾನಾಗಿ ಬೀಳಲಿ ಎಂದಿದ್ದಳು. ಆ ಮಾತಿಗೆ ನಕ್ಕಿದ್ದ ವಸಂತನಿಗೆ ಈಗ ಕೀಳಲು ಕೈ ಬರಲಿಲ್ಲ. ಇಟ್ಟುಕೊಳ್ಳುವ ಧೈರ್ಯವೂ ಇಲ್ಲ, ಕೀಳುವ ಧೈರ್ಯವೂ ಇಲ್ಲ. ಗಂಟು ಬಿಚ್ಚಿ, ಹಾರವನ್ನು ಗ್ರಿಲ್ಲಿನ ಸಂದಿಯೊಳಗೆ ತುರುಕಿದ, ಬೆರಳು ಹೋಗದ ಕಡೆ ಜೇಬಿನ ಪೆನ್ನಿನಿಂದ ಒತ್ತಿದ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ದೇವರಿಗೂ ಆಯಿತು, ಮ್ಯಾನೇಜರನಿಗೂ ಆಯಿತು ಎಂದುಕೊಂಡು ಹೊರಟಿದ್ದ.

"ದಸರಾ ಆದ ಮ್ಯಾಲ ಇಂಥಾವು ಬರ್ತಾವ್ರಿ," ಎನ್ನುತ್ತ ಕುಬೇರ ಬ್ಲೇಡಿನಿಂದ ದಾರವನ್ನು ಎಳೆಎಳೆಯಾಗಿ ಕೊಯ್ದು ತೆಗೆದ. "ಖರೇ, ಇದು ಗಾಳಿಗೆ ಹೋಗಿದ್ದಲ್ಲ. ಯಾರೋ ಒತ್ತಿ ಒತ್ತಿ ಒಳಗ ತುರುಕ್ಯಾರ. ಯಾರ್ರಿ ಹಾರ ಹಾಕಿದಾಂವ?"

"ತೊಳಿಯೋನು," ಎಂದ ವಸಂತ. ಸುಳ್ಳಲ್ಲ. ಹಾಕಿದವನು ಅವನೇ.

ಕುಬೇರ ಕವಚವನ್ನು ಇನ್ನೊಮ್ಮೆ ಜಾಡಿಸಿದ. ಅದರ ಮೂಲೆಯಿಂದ ಒಂದು ನೀಲಿ ಪೆನ್ನಿನ ಟೋಪಿ ಉರುಳಿತು. ಅದರ ಮೇಲೆ ಔಷಧ ಕಂಪನಿಯ ಹೆಸರು ಅಚ್ಚಾಗಿತ್ತು, ವಸಂತನ ಕೊರಳಿನ ಐಡಿ ಕಾರ್ಡಿನ ಪಟ್ಟಿಯ ಮೇಲೆ ಇದ್ದದ್ದೇ ಹೆಸರು. ಕುಬೇರ ಟೋಪಿಯನ್ನು ನೋಡಿದ, ಪಟ್ಟಿಯನ್ನು ನೋಡಿದ. ಪ್ಯಾಂಟಿಗೆ ಒರೆಸಿ, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟ. ಆಮೇಲೆ ಅವನು ಊರು, ಮನೆ, ಮಕ್ಕಳು ಯಾವುದನ್ನೂ ಕೇಳಲಿಲ್ಲ. ದಂಡಕ್ಕೆ ಎಣ್ಣೆ ಬಿಟ್ಟು, ಬ್ಯಾಟರಿಯಿಂದ ನೇರ ಎರಡು ವಯರು ಹಿಡಿದಾಗ ಪಂಖಾ ಗುಂಯ್ ಎಂದು ತಿರುಗಿತು. ಮತ್ತೆ ಕೂರಿಸಿ, ಫ್ಯೂಜು ಹಾಕಿ, ಎಂಜಿನ್ ಕಾಯುವವರೆಗೆ ಬಾನೆಟ್ಟಿನ ಮುಂದೆ ನಿಂತ. ಕಾದ ಮೇಲೆ ಪಂಖಾ ತಾನಾಗಿ ಚಾಲೂ ಆಯಿತು. "ಆತ್ರಿ," ಎಂದ. ಆ ಒಂದು ಮಾತಿಗಿಂತ ಬೈದಿದ್ದರೆ ವಾಸಿಯಿತ್ತು.

ದಾರದ ತುಂಡುಗಳನ್ನು ವಸಂತ ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ. ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಮೀಟಿಂಗಿನಲ್ಲಿ ಮೇಜಿನ ಮೇಲೆ ಇದನ್ನು ಬಿಚ್ಚಿಟ್ಟು, ಹಾರ ತುರುಕಿದವನು ನಾನು, ಸಂಗಣ್ಣನದು ಏನೂ ತಪ್ಪಿಲ್ಲ. ಕೊಂಕಣಿಯಲ್ಲಿ ಹೇಳಿ ನೋಡಿದ. ಇಂಗ್ಲಿಷಿನಲ್ಲಿ ಹೇಳಿದರೆ ಇನ್ನೂ ಗಂಭೀರವಾಗಿತ್ತು, ತಪ್ಪಿಗೂ ಒಂದು ಘನತೆ ಬಂದಂತಿತ್ತು. ಆಗ ಯಾರಾದರೂ, ಯಾಕೆ ತುರುಕಿದಿರಿ ಎಂದು ಕೇಳಿದರೆ? ನಾಚಿಕೆಯಾಯಿತು ಎನ್ನಬೇಕು. ಏತಕ್ಕೆ ನಾಚಿಕೆ ಎಂದರೆ? ಅಲ್ಲಿಗೆ ಬಂದಾಗ ಪ್ರತಿ ಸಲವೂ ಸಿಗ್ನಲ್ ಬಂತು, ಇಲ್ಲವೇ ಎದುರಿಗೆ ಸ್ಕೂಟರ್ ಬಂತು.

ಸಂಗಣ್ಣ ಗೇಟಿನ ಹೊರಗೆ, ಗೋಡೆಯ ಒಂದು ಗೇಣು ನೆರಳಿನಲ್ಲಿ ನಿಂತಿದ್ದ. ಹೆಗಲ ಮೇಲೆ ಕಾರು ಒರೆಸುವ ಬಟ್ಟೆ ಇತ್ತು, ಈಗಲೇ ಕರೆದರೂ ಕೆಲಸಕ್ಕೆ ತಯಾರೆಂಬಂತೆ. ವಸಂತ ಕಾರನ್ನು ಬದಿಗೆ ನಿಲ್ಲಿಸಿ ಇಳಿದ. ಹತ್ತಿರ ಯಾರೂ ಇರಲಿಲ್ಲ.

"ರಿಪೇರಿ ಆತೇನ್ರಿ ಸಾಹೇಬ್ರ? ಏನಾಗಿತ್ರಿ?"

"ಹಾರದ ದಾರ. ಒಳಗ ಸಿಕ್ಕೊಂಡಿತ್ತು."

"ಹೌದ್ರಿ," ಎಂದ ಸಂಗಣ್ಣ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. "ಅವತ್ತ ಮುಂಜಾನಿ ನಾ ಕಂಬದ ಆಚೀಕ ಕೆಂಪು ಗಾಡಿ ಒರಸಾಕತ್ತಿದ್ದೆ. ನೋಡೀನ್ರಿ."

ವಸಂತ ಗೇಟಿನ ಕಡೆ ಕಣ್ಣು ಹಾಯಿಸಿದ. "ಮತ್ತ ಹೇಳಬೇಕಿತ್ತಲ್ಲೋ!"

"ಯಾರಿಗೆ ಹೇಳ್ಲಿರಿ? ಸಾಹೇಬ್ರ ತಪ್ಪು ಅಂತ ನಾ ಅಂದ್ರ ಯಾರು ಕೇಳ್ತಾರ? ನಿಮ್ಮ ಮರ್ಯಾದಿ ಪ್ರಶ್ನಿ ಬ್ಯಾರೆ." ಅವನು ಹೆಗಲ ಬಟ್ಟೆ ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಾರ ಒಳಗ ತುರುಕಿದಾಂವ ಈ ಸಂಗಣ್ಣನ ಅಂತ ಹೇಳ್ರಿ ಸೆಕ್ರೆಟರಿ ಬಾಯಿಗೆ. ತಪ್ಪಾತಂತ ಕಾಲು ಹಿಡದಾನ, ಈ ಸಲ ಬಿಡೂಣು ಅನ್ರಿ. ತಪ್ಪು ಒಪ್ಕೊಂಡಾವ್ನ ಒಳಗ ಬಿಡ್ತಾರ್ರಿ. ನಾ ಮಾಡಿಲ್ಲ ಅನ್ನಾವ್ನ ಬಿಡಂಗಿಲ್ಲ. ಎಂಟು ದಿನ ಹಂಗ ಅಂದು ನೋಡೀನಲ್ಲ."

"ಛೇ, ಹಂಗ್ಯಾಕ? ನಾನ ಹೇಳ್ತೀನಿ, ಖರೇ ಏನೈತಿ ಅದನ್ನ."

"ಹೇಳ್ತೀರೇನ್ರಿ?"

ಅದರಲ್ಲಿ ಕುಹಕವಿರಲಿಲ್ಲ. ಮಳೆ ಬರುತ್ತದೇನ್ರಿ ಎಂದು ಕೇಳಿದಷ್ಟೇ ಸರಳವಾಗಿ ಕೇಳಿದ್ದ, ಉತ್ತರಕ್ಕೆ ಕಾಯುತ್ತಲೂ ಇದ್ದ. ವಸಂತ ಜೇಬಿನ ಕರವಸ್ತ್ರವನ್ನು ಹಿಡಿದುಕೊಂಡ. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಜಾಸ್ಮೀನ ಬಾಯಿ ಬೇಕರಿಯಿಂದ ಪಾವಿನ ಚೀಲ ಹಿಡಿದು ಬಂದಳು, ಹಿಂದೆ ಎರಡನೇ ಮಹಡಿಯ ದಂಪತಿ. ಸಂಗಣ್ಣನನ್ನು ನೋಡಿ ಅವಳ ಹುಬ್ಬು ಗಂಟಾಯಿತು. ಇವನು ಮತ್ತೆ ಬಂದನೆ, ನಿಮ್ಮ ಕಾರು ಏನಾಯಿತು ಎಂದು ಕೊಂಕಣಿಯಲ್ಲಿ ಕೇಳಿದಳು.

ವಸಂತ ಬಾಯಿ ತೆರೆದ. ಮಾತು ಸಿದ್ಧವಾಗಿತ್ತು, ದಾರಿಯುದ್ದಕ್ಕೂ ಉರು ಹಾಕಿದ್ದ ಮಾತು. ಅವನ ಕಿವಿಗೆ ಕೇಳಿಸಿದ್ದು ಬೇರೆ. ಪೂಜೆಯ ಹಾರ ಪಂಖಾಕ್ಕೆ ಸಿಕ್ಕಿತ್ತಂತೆ, ಇವನೇ ಒಳಗೆ ತುರುಕಿದ್ದನಂತೆ, ತಪ್ಪು ಒಪ್ಪಿಕೊಂಡಿದ್ದಾನೆ, ಬಡವ, ಈ ಸಲ ಬಿಟ್ಟುಬಿಡೋಣ. ಚೊಕ್ಕ ಕೊಂಕಣಿ, ಒಂದು ಉಚ್ಚಾರವೂ ತಪ್ಪಲಿಲ್ಲ. ಹೇಳುತ್ತಿರುವಾಗಲೇ ಸಂಗಣ್ಣ ಬಗ್ಗಿ, ಎಲ್ಲರೆದುರಿಗೆ, ಅವನ ಎರಡೂ ಕಾಲು ಮುಟ್ಟಿದ.

"ನಿಮ್ಮದು ದೊಡ್ಡ ಮನಸ್ಸು," ಎಂದಳು ಜಾಸ್ಮೀನ ಬಾಯಿ. ಬೇರೆಯವನನ್ನು ಹುಡುಕುವ ತಲೆನೋವು ತಪ್ಪಿದ್ದು ಅವಳಿಗೂ ಹಿತವಾಗಿತ್ತು. ಅಲ್ಲೇ ನಿಂತು ಗುಂಪಿನಲ್ಲಿ ಬರೆದಳು. ವಸಂತನ ಜೇಬಿನಲ್ಲಿ ಫೋನು ಒಂದರ ಹಿಂದೊಂದು ಅಲುಗಿತು, ಹೆಬ್ಬೆರಳುಗಳು ಬರುತ್ತಿದ್ದವು. ಕರವಸ್ತ್ರದ ಗಂಟೂ ಅದೇ ಜೇಬಿನಲ್ಲಿತ್ತು. ವಾಚ್‌ಮನ್ ಗೇಟು ತೆರೆದ. ಮೊದಲು ಕಾರು ಒಳಗೆ ಹೋಯಿತು, ಅದರ ಹಿಂದೆ ಸಂಗಣ್ಣ ನಡೆದು ಬಂದ.

ಕೆಳಗೆ ಪಾರ್ಕಿಂಗಿನಲ್ಲಿ ವಸಂತ ಎಂಜಿನ್ ಆರಿಸಿದ. ಎಂಜಿನ್ ಆರಿದ ಮೇಲೂ ಪಂಖಾ ತಿರುಗುತ್ತಲೇ ಇತ್ತು, ಕಾದದ್ದನ್ನು ತಣಿಸುವುದಕ್ಕೆ. ಸಂಗಣ್ಣ ಮೂಲೆಯ ನಲ್ಲಿಗೆ ಬಕೆಟ್ಟು ಹಿಡಿದಿದ್ದ. ಎಂಟು ದಿನದ ಧೂಳು ಹದಿನಾಲ್ಕು ಕಾರುಗಳ ಮೇಲೆ ಕೂತಿತ್ತು. ವಸಂತ ಹತ್ತಿರ ಹೋದ. ಇಲ್ಲಿ ಯಾರೂ ಇರಲಿಲ್ಲ, ಇಲ್ಲಿ ಹೇಳಬಹುದಿತ್ತು.

"ಸಂಗಣ್ಣ, ನಾ ಹೇಳಬೇಕಂತನ ಇದ್ದೆ. ಆ ಮಂದಿ ಮುಂದ ಬಾಯಿಗೆ ಬರಲಿಲ್ಲ. ತಪ್ಪು ತಿಳ್ಕೋಬ್ಯಾಡ."

ಸಂಗಣ್ಣ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದ. ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಮೇಲೆ ಲಿಫ್ಟಿನ ಹತ್ತಿರ ನಿಂತಾಗ ನಿಲ್ಲುವಂತೆ ನೆಟ್ಟಗೆ ನಿಂತು, ತಲೆ ತುಸು ಬಗ್ಗಿಸಿದ.

"ಕೋಯಿ ಬಾತ್ ನಹೀ, ಸಾಬ್," ಎಂದ.

ವಸಂತ ಸುತ್ತ ನೋಡಿದ. ಪಾರ್ಕಿಂಗಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.